ಮುಚ್ಚುವ ಮುಂಚೆ ಒಂದು ಸಲ ನೋಡಿ

ಈ ಸಲ ಮನೆ ಕಟ್ಟುತ್ತಿರುವವರ ಪ್ರಶ್ನೆಗಳೇ ಜಾಸ್ತಿ. ಕೆಲವು ಒಂದೇ ಥರ ಇದ್ದವು, ಅವನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ, ಕಂಟ್ರಾಕ್ಟರ್ ಕಣ್ಣಿಗೆ ಬಿದ್ದರೆ ಕಷ್ಟ ಅಂತ. ಅರ್ಥವಾಗುತ್ತದೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೂವರು ಕಂಟ್ರಾಕ್ಟರ್‌ಗಳ ಹತ್ತಿರ ಚದರಡಿ ರೇಟು ಕೇಳಿದೆವು. ಒಬ್ಬರದು ಉಳಿದಿಬ್ಬರಿಗಿಂತ ಚೆನ್ನಾಗಿಯೇ ಕಡಿಮೆ ಇದೆ. ಮನೆಯವರು ಅವರಿಗೇ ಕೊಡೋಣ ಅಂತಾರೆ. ನನಗ್ಯಾಕೋ ಅನುಮಾನ.

ಉತ್ತರ: ಅನುಮಾನ ಪಡುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಮನಸ್ಸಲ್ಲೇ ಇಟ್ಟುಕೊಂಡರೆ ಪ್ರಯೋಜನ ಇಲ್ಲ, ಕೇಳಿಬಿಡಿ. ಚದರಡಿ ರೇಟು ಅನ್ನುವುದು ಅರ್ಧ ಮಾತು. ಯಾವ ಚದರಡಿ ಅನ್ನುವುದು ಇನ್ನರ್ಧ. ಬಾಲ್ಕನಿಯನ್ನು ಪೂರ್ತಿ ಹಿಡಿಯುತ್ತಾರಾ, ಅರ್ಧ ಹಿಡಿಯುತ್ತಾರಾ? ಮೆಟ್ಟಿಲ ಮೇಲಿನ ಹೆಡ್‌ರೂಮ್ ಲೆಕ್ಕಕ್ಕಿದೆಯಾ? ಪೋರ್ಟಿಕೋ? ಒಬ್ಬರ ಅಳತೆಯಲ್ಲಿ 1,200 ಚದರಡಿ ಇರುವ ಮನೆ ಇನ್ನೊಬ್ಬರ ಟೇಪಿನಲ್ಲಿ 1,350 ಆಗಬಹುದು. ಆಗ ಅವರ ರೇಟು ನೂರಕ್ಕೆ ಹತ್ತು ಕಡಿಮೆ ಇದ್ದರೂ ನೀವು ಒಟ್ಟಿನಲ್ಲಿ ಕೊಡುವುದು ಒಂಚೂರು ಜಾಸ್ತಿಯೇ. ಕ್ಯಾಲ್ಕುಲೇಟರ್ ಹಿಡಿದು ನೋಡಿ.

ಆಮೇಲೆ ಆ ರೇಟಿನೊಳಗೆ ಏನಿಲ್ಲ ಅಂತ ಕೇಳಿ. ಏನಿದೆ ಅಂತ ಅವರೇ ಹೇಳುತ್ತಾರೆ, ಏನಿಲ್ಲ ಅಂತ ನಾವೇ ಕೇಳಬೇಕು. ಸಂಪು, ಕಾಂಪೌಂಡು, ಪ್ಯಾರಪೆಟ್ ಗೋಡೆ, ಕಿಟಕಿ ಗ್ರಿಲ್ಲು, ಪಾಯದೊಳಗೆ ತುಂಬುವ ಮಣ್ಣು, ಕಟ್ಟುವಾಗಿನ ನೀರು ಕರೆಂಟು, ಇವೆಲ್ಲ "ಅದು ಎಕ್ಸ್‌ಟ್ರಾ ಆಗುತ್ತೆ" ಅನ್ನುವ ಪಟ್ಟಿಗೆ ಸುಲಭವಾಗಿ ಜಾರಿಕೊಳ್ಳುವಂಥವು. ಪಾಯ ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋದರೆ ಅಡಿಗೆ ಎಷ್ಟು ಜಾಸ್ತಿ ಅನ್ನುವುದನ್ನೂ ಈಗಲೇ ಬರೆಸಿಕೊಳ್ಳಿ, ಗುಂಡಿ ತೋಡಿದ ಮೇಲೆ ಚೌಕಾಸಿ ಮಾಡಲು ನಿಮಗೆ ಧೈರ್ಯ ಇರುವುದಿಲ್ಲ.

ಒಂದೇ ಪಟ್ಟಿ ನೀವೇ ಮಾಡಿ ಮೂವರಿಗೂ ಕೊಡಿ, ಅದಕ್ಕೇ ರೇಟು ಹಾಕಿಸಿ. ಆ ಪಟ್ಟಿಯಲ್ಲಿ "ಒಳ್ಳೆ ಕ್ವಾಲಿಟಿ" ಅನ್ನುವ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅಡ್ಡ ಗೆರೆ ಎಳೆದು ದಪ್ಪ ಎಷ್ಟು, ಗ್ರೇಡ್ ಯಾವುದು, ಯಾವ ಕಂಪನಿಯದು ಅಂತ ಬರೆಯಿರಿ. ಒಳ್ಳೆ ಕ್ವಾಲಿಟಿ ಅಂದರೆ ಅವರಿಗೊಂದು ಅರ್ಥ, ನಿಮಗೊಂದು ಅರ್ಥ, ಅಲ್ವಾ?

ಇನ್ನೊಂದು ಮಾತು. ಕಂಟ್ರಾಕ್ಟರ್ ತೋರಿಸುವ ಹೊಸ ಮನೆ ನೋಡಿ ಮರುಳಾಗಬೇಡಿ. ಹೊಸದರಲ್ಲಿ ಎಲ್ಲವೂ ಚೆನ್ನ. ಅವರು ಮೂರ್ನಾಲ್ಕು ವರ್ಷದ ಹಿಂದೆ ಕಟ್ಟಿದ ಮನೆ ಕೇಳಿ. ಅಲ್ಲಿಗೆ ಹೋದಾಗ ಹಾಲ್ ನೋಡುತ್ತಾ ನಿಲ್ಲುವ ಬದಲು ಬಾತ್‌ರೂಮಿನ ಗೋಡೆಯ ಆಚೆ ಬದಿ ನೋಡಿ, ಮೇಲಿನ ಮಹಡಿಯ ಚಾವಣಿ ನೋಡಿ. ಪೇಂಟು ಉಬ್ಬಿದೆಯಾ, ಹಳದಿ ಕಲೆ ಇದೆಯಾ? ಮನೆಯವರು ಏನು ಹೇಳಲಿ ಬಿಡಲಿ, ಅದೇ ನಿಮಗೆ ಉತ್ತರ.

ಪ್ರಶ್ನೆ: ಮುಂದಿನ ವಾರ ನಮ್ಮ ಮನೆಗೆ ಆರ್‌ಸಿಸಿ, ಅಂದರೆ ಕಂಬಿ ಕಟ್ಟಿದ ಕಾಂಕ್ರೀಟಿನ ಚಾವಣಿ, ಹಾಕುತ್ತಾರೆ. ನಾನು ಆಫೀಸ್ ಕೆಲಸದವನು, ಕಟ್ಟಡದ ಗಂಧಗಾಳಿ ಇಲ್ಲ. ಏನಾದರೂ ಕೇಳಿದರೆ ಮೇಸ್ತ್ರಿ "ಸಾರ್, ನೀವು ನೆರಳಲ್ಲಿ ಕೂತ್ಕೊಳ್ಳಿ, ನಾವು ನೋಡ್ಕೋತೀವಿ" ಅಂತಾರೆ. ನಾನು ನೋಡಬೇಕಾದ್ದು ಏನು ಮೇಡಂ?

ಉತ್ತರ: ಕೂತ್ಕೊಳ್ಳಿ, ಆದರೆ ಮಿಕ್ಸರ್ ಪಕ್ಕದಲ್ಲಿ ಕೂತ್ಕೊಳ್ಳಿ.

ನಿಮ್ಮ ಕೆಲಸ ಹಿಂದಿನ ದಿನ ಸಂಜೆಯೇ ಶುರು. ಕಂಬಿ ಕಟ್ಟಿ ಮುಗಿದಿರುತ್ತದೆ, ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಸೆಂಟ್ರಿಂಗ್ ಹಲಗೆ ಮೇಲೆ ನಿಧಾನವಾಗಿ ಓಡಾಡಿ. ಬಗ್ಗಿ ನೋಡಿ, ಕಂಬಿ ಹಲಗೆಗೆ ತಾಗಿಕೊಂಡಿದೆಯಾ, ಇಲ್ಲ ಅದರ ಕೆಳಗೆ ಕವರ್ ಬ್ಲಾಕ್ ಇದೆಯಾ? ಸಿಮೆಂಟಿನ ಪುಟ್ಟ ಬಿಲ್ಲೆಗಳು ಅವು, ಕೈಯಲ್ಲಿ ಹತ್ತು ಹಿಡಿಯಬಹುದು. ಚಾವಣಿಯ ಸ್ಲ್ಯಾಬಿಗೆ 20 ಎಂಎಂ, ಕಾಲಂಗೆ ಅಂದರೆ ಕಂಬಕ್ಕೆ 40 ಎಂಎಂ, ಪಾಯದಲ್ಲಿ ಕಂಬದ ಬುಡದ ಫೂಟಿಂಗಿಗೆ 50 ಎಂಎಂ, ಅಷ್ಟು ದಪ್ಪ ಕಾಂಕ್ರೀಟು ಕಂಬಿಯ ಹೊರಗೆ ಹೊದಿಕೆ ಹಾಗೆ ಇರಬೇಕು. ಇಲ್ಲದಿದ್ದರೆ ತೇವ ಕಂಬಿಗೆ ತಲುಪುತ್ತದೆ, ಕಂಬಿ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಹಳೇ ಕಟ್ಟಡಗಳ ಚಾವಣಿಯಲ್ಲಿ ಕಂಬಿ ಹೊರಗೆ ಕಾಣುತ್ತಿರುತ್ತದಲ್ಲ, ಬಹಳ ಕಡೆ ಅದರ ಹಿಂದಿನ ಕಥೆ ಇದೇ. ಕವರ್ ಬ್ಲಾಕ್ ಇಡೀ ಮನೆಯ ಖರ್ಚಿನಲ್ಲಿ ಲೆಕ್ಕಕ್ಕೇ ಬರದ ವಸ್ತು. ಆದರೂ ಅದರ ಬದಲು ಜಲ್ಲಿ ಚೂರು ಇಟ್ಟು ಕೆಲಸ ಮುಗಿಸುವವರು ಇದ್ದಾರೆ, ಮೇಲೆ ನಾಲ್ಕು ಜನ ನಡೆದರೆ ಆ ಜಲ್ಲಿ ಜಾರಿ ಹೋಗಿರುತ್ತದೆ.

ಡ್ರಾಯಿಂಗ್ ಕೈಯಲ್ಲಿ ಹಿಡಿದು ಎರಡು ಕಂಬಿಗಳ ನಡುವೆ ಎಷ್ಟು ದೂರ ಬರೆದಿದೆ ಅಂತ ನೋಡಿ, ನಾಲ್ಕು ಕಡೆ ಟೇಪ್ ಹಿಡಿಯಿರಿ. ಇದಕ್ಕೆ ಎಂಜಿನಿಯರಿಂಗ್ ಬೇಡ. ವೈರಿಂಗ್ ಪೈಪು, ಫ್ಯಾನ್ ಬಾಕ್ಸು ಎಲ್ಲ ಜಾಗದಲ್ಲಿದೆಯಾ ನೋಡಿ. ಫೋಟೋ ತೆಗೆಯಿರಿ.

ಈಗ ಮಾರನೇ ದಿನ. ಮಿಕ್ಸರಿಗೆ ನೀರು ಹಾಕುವ ಹುಡುಗನ ಮೇಲೆ ಕಣ್ಣಿಡಿ, ಇಡೀ ಸ್ಲ್ಯಾಬಿನ ಗಟ್ಟಿತನ ಅವನ ಕೈಯಲ್ಲಿದೆ ಅಂದರೆ ಜಾಸ್ತಿ ಆಗಲಿಲ್ಲ. 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ ಸುಮಾರು 25 ಲೀಟರ್ ನೀರು ಸಾಕು, ಮರಳು ಹಸಿ ಇದ್ದರೆ ಅದಕ್ಕಿಂತಲೂ ಕಡಿಮೆ. ಆದರೆ ಗಟ್ಟಿ ಕಾಂಕ್ರೀಟನ್ನು ಬಾಂಡ್ಲಿಯಲ್ಲಿ ಹೊತ್ತು, ಎಳೆದು, ಹರಡುವುದು ಸೊಂಟ ಮುರಿಯುವ ಕೆಲಸ. ಹಾಗಾಗಿ ಮೇಲಿನಿಂದ "ನೀರ್ ಬಿಡೋ" ಅಂತ ಕೂಗು ಬರುತ್ತದೆ, ಇವನು ಇನ್ನೊಂದು ಬಕೆಟ್ ಸುರಿಯುತ್ತಾನೆ. ಆ 10 ಲೀಟರ್ ಬಕೆಟ್ಟು ಕಾಂಕ್ರೀಟಿನ ಶಕ್ತಿಯನ್ನು ಕಾಲು ಭಾಗಕ್ಕಿಂತ ಜಾಸ್ತಿ ಇಳಿಸಬಹುದು. ಸಿಮೆಂಟಿಗೆ ಬೇಕಾದಷ್ಟು ನೀರು ಸಿಮೆಂಟು ಕುಡಿಯುತ್ತದೆ, ಉಳಿದದ್ದು ಆಮೇಲೆ ಆರಿಹೋಗುತ್ತದೆ, ಆರಿದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ತೂತು. ನೀವು ಸಿಮೆಂಟಿಗೆ ಕೊಟ್ಟ ದುಡ್ಡು ಆ ತೂತಿನಲ್ಲಿ ಹೋಯಿತು. ಕಾಂಕ್ರೀಟು ತೀರಾ ಗಟ್ಟಿ ಅನ್ನಿಸಿದರೆ ಪ್ಲಾಸ್ಟಿಸೈಸರ್ ಅಂತ ಒಂದು ದ್ರವ ಬರುತ್ತದೆ, ಎಂಜಿನಿಯರ್ ಹೇಳಿದ ಅಳತೆಯಲ್ಲಿ ಅದನ್ನು ಹಾಕಿಸಿ. ಕಾರ್ಖಾನೆಯಲ್ಲೇ ಕಲಸಿ ಲಾರಿಯಲ್ಲಿ ಬರುವ ರೆಡಿಮಿಕ್ಸ್ ತರಿಸಿದರೂ ಕಥೆ ಇದೇ, ಲಾರಿಗೆ ಪೈಪ್ ಹಿಡಿಯಲು ಬಿಡಬೇಡಿ.

ಗುರುತು ಹಾಕಿದ ಒಂದು ಬಕೆಟ್ ತೆಗೆದುಕೊಂಡು ಹೋಗಿ, ಮೂಟೆಗೆ ಇಷ್ಟು ಬಕೆಟ್ ಅಂತ ಬೆಳಿಗ್ಗೆಯೇ ಎಂಜಿನಿಯರ್ ಎದುರಿಗೆ ಮೇಸ್ತ್ರಿ ಹತ್ತಿರ ಒಪ್ಪಿಸಿಕೊಳ್ಳಿ. ಜಗಳ ಬೇಡ. ಕೆಲಸದವರಿಗೆ ಆಗಾಗ ಕುಡಿಯಲು ತಣ್ಣನೆ ನೀರು, ಬಿಡುವು ಕೊಟ್ಟರೆ ಈ ಬಕೆಟ್ ಸಮಸ್ಯೆ ಅರ್ಧ ತಾನಾಗೇ ಕಡಿಮೆ ಆಗುತ್ತದೆ, ಇದು ನಾನು ಸೈಟಿನಲ್ಲಿ ಕಲಿತದ್ದು, ಕಾಲೇಜಿನಲ್ಲಲ್ಲ.

ಕಾಂಕ್ರೀಟನ್ನು ಅಲುಗಾಡಿಸಿ ಒಳಗಿನ ಗಾಳಿ ತೆಗೆಯುವ ವೈಬ್ರೇಟರ್ ಎರಡು ಇರಲಿ, ಒಂದು ಕೆಟ್ಟರೆ ಇನ್ನೊಂದು. ಕಾಂಕ್ರೀಟು ಬಿಗಿಯಾದ ಮೇಲೆ ನೀರು ಹಾಕಿ ನೆನೆಸುವುದು ಕಡೇ ಪಕ್ಷ ಹತ್ತು ದಿನ, ಹದಿನಾಲ್ಕು ದಿನ ಆದರೆ ಇನ್ನೂ ಒಳ್ಳೆಯದು. ಸ್ಲ್ಯಾಬ್ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಬೆಳಿಗ್ಗೆ ಸಂಜೆ ಪೈಪಿನಲ್ಲಿ ಚಿಮುಕಿಸಿ ಹೋದರೆ ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿ ಬಿಳಿಚಿಕೊಂಡಿರುತ್ತದೆ. ಕಾಂಕ್ರೀಟಿನ ಶಕ್ತಿಯನ್ನು ಅಳೆಯುವುದು 28ನೇ ದಿನಕ್ಕೆ, ಏಳನೇ ದಿನಕ್ಕೆ ಬಂದಿರುವುದು ಅದರಲ್ಲಿ ಮೂರನೇ ಎರಡು ಭಾಗದಷ್ಟೇ. ಹಾಗಾಗಿ ಸೆಂಟ್ರಿಂಗ್ ಬಾಡಿಗೆ ಉಳಿಸುವ ಅವಸರದಲ್ಲಿ ಬೇಗ ಬಿಚ್ಚಿಸಬೇಡಿ, ಎಂಜಿನಿಯರ್ ಹೇಳಿದ ದಿನವೇ ಬಿಚ್ಚಲಿ.

ಪ್ರಶ್ನೆ: ಸಾಮಾನು ನಾವೇ ಕೊಡಿಸುತ್ತಿದ್ದೇವೆ. ಕಬ್ಬಿಣ, ಮರಳು, ಸಿಮೆಂಟು ಸರಿಯಾಗಿದೆ ಅಂತ ಲ್ಯಾಬ್ ಇಲ್ಲದೆ ತಿಳಿಯುವುದು ಹೇಗೆ?

ಉತ್ತರ: ಕಬ್ಬಿಣಕ್ಕೆ ಒಂದು ತಕ್ಕಡಿ ಸಾಕು. ಕಂಬಿಯ ದಪ್ಪವನ್ನು ಎಂಎಂ ಲೆಕ್ಕದಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ, ಒಂದು ಮೀಟರಿಗೆ ಎಷ್ಟು ಕೆಜಿ ಇರಬೇಕು ಅಂತ ಬರುತ್ತದೆ. 8 ಎಂಎಂ ಕಂಬಿ ಮೀಟರಿಗೆ 395 ಗ್ರಾಂ, 10 ಎಂಎಂ 617 ಗ್ರಾಂ, 12 ಎಂಎಂ 888 ಗ್ರಾಂ. ಒಂದು ಮೀಟರ್ ತುಂಡು ತೂಗಿ ನೋಡಿ. ತೆಳು ಕಂಬಿಯಲ್ಲಿ ಐದಾರು ಪರ್ಸೆಂಟ್ ಆಚೀಚೆ ಆಗುವುದುಂಟು, ಅದಕ್ಕಿಂತ ಜಾಸ್ತಿ ಕಡಿಮೆ ಬಂದರೆ ವಾಪಸ್ ಕಳಿಸಿ.

ಮರಳಿಗೆ ಒಂದು ಗಾಜಿನ ಬಾಟಲಿ. ಅರ್ಧದವರೆಗೆ ಮರಳು ಹಾಕಿ, ಮುಕ್ಕಾಲು ಭಾಗ ನೀರು ತುಂಬಿ, ಒಂದು ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಾಡಿಸದೆ ಇಡಿ. ಮರಳು ಕೆಳಗೆ ಕೂರುತ್ತದೆ, ಅದರ ಮೇಲೆ ನುಣ್ಣನೆ ಮಣ್ಣಿನ ಪದರ ಬೇರೆಯಾಗಿ ಕಾಣುತ್ತದೆ. 10 ಸೆಂಟಿಮೀಟರ್ ಮರಳಿನ ಮೇಲೆ 8 ಎಂಎಂ ಮಣ್ಣು ದಾಟಿದರೆ ಆ ಮರಳು ಬೇಡ, ಇಲ್ಲ ತೊಳೆಸಬೇಕು. ಲೋಡ್ ಇಳಿಸುವ ಮುಂಚೆಯೇ ಬಾಟಲಿ ಇಟ್ಟುಕೊಂಡು ಮೂರು ಗಂಟೆ ಕಾಯಿರಿ ಅಂದರೆ ಲಾರಿಯವನು ನಗುತ್ತಾನೆ, ನಿಜ. ಹಿಂದಿನ ದಿನ ಸ್ಯಾಂಪಲ್ ತರಿಸಿಕೊಳ್ಳಿ. ಹಾಗೆಯೇ ಮರಳು ಹಸಿಯಾದಾಗ ಉಬ್ಬುತ್ತದೆ, ಕೆಲವೊಮ್ಮೆ ಕಾಲು ಭಾಗದಷ್ಟು. ಘನ ಅಡಿ ಲೆಕ್ಕದಲ್ಲಿ ಕೊಂಡರೆ ಅಷ್ಟು ಗಾಳಿಗೆ ದುಡ್ಡು ಕೊಟ್ಟ ಹಾಗೆ.

ಸಿಮೆಂಟಿನ ಮೂಟೆ ಮೇಲೆ ತಯಾರಾದ ವಾರವೋ ತಿಂಗಳೋ ಇರುತ್ತದೆ, ನೋಡಿ. ಮೂರು ತಿಂಗಳು ಸುಮ್ನೆ ಬಿದ್ದಿದ್ದರೆ ಅದರ ಶಕ್ತಿ ಸುಮಾರು ಐದನೇ ಒಂದು ಭಾಗ ಹೋಗಿರುತ್ತದೆ. ಆಫರ್ ಇದೆ ಅಂತ ಇಡೀ ಮನೆಗೆ ಒಂದೇ ಸಲ ತಂದು ಒಟ್ಟಬೇಡಿ. ತಂದದ್ದನ್ನು ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಜೋಡಿಸಿ. ಮೂಟೆಯೊಳಗೆ ಕೈ ಹಾಕಿದಾಗ ಹಿಟ್ಟಿನ ಹಾಗೆ ತಣ್ಣಗೆ ಇರಬೇಕು, ಉಂಡೆ ಕಟ್ಟಿರಬಾರದು.

ಪ್ರಶ್ನೆ: ಆರ್‌ಸಿಸಿ ಮುಗಿಯುವಷ್ಟರಲ್ಲಿ ಅಂದುಕೊಂಡದ್ದಕ್ಕಿಂತ ಜಾಸ್ತಿ ಖರ್ಚಾಗಿ ಹೋಗಿದೆ. ಉಳಿದ ದುಡ್ಡಿನಲ್ಲಿ ಮನೆ ಮುಗಿಸಬೇಕು. ಎಲ್ಲಿ ಕೈ ಬಿಗಿ ಹಿಡಿಯಲಿ?

ಉತ್ತರ: ನಾನು ಎಲ್ಲರಿಗೂ ಹೇಳುವುದು ಒಂದೇ ಲೆಕ್ಕ. ಈಗ ಮಾಡುವ ಕೆಲಸ ಆಮೇಲೆ ಗೋಡೆಯೊಳಗೋ ನೆಲದೊಳಗೋ ಮುಚ್ಚಿ ಹೋಗುತ್ತದಾ? ಹಾಗಿದ್ದರೆ ಅಲ್ಲಿ ಉಳಿಸಬೇಡಿ. ಕಣ್ಣೆದುರಿಗೇ ಇರುತ್ತದಾ, ಐದು ವರ್ಷ ಬಿಟ್ಟು ಬದಲಾಯಿಸಬಹುದಾ? ಅಲ್ಲಿ ಎಷ್ಟು ಬೇಕಾದರೂ ಉಳಿಸಿ. ನಾವು ಮಾಡುವುದು ತಿರುಗಾಮುರುಗಾ. ಪೈಪಿನಲ್ಲಿ, ವೈರಿನಲ್ಲಿ ಚೌಕಾಸಿ ಮಾಡಿ ಉಳಿಸಿದ್ದನ್ನು ಫಾಲ್ಸ್ ಸೀಲಿಂಗಿಗೆ ಸುರಿಯುತ್ತೇವೆ, ಯಾಕೆಂದರೆ ನೋಡಲು ಬಂದವರು ಪೈಪು ಹೊಗಳುವುದಿಲ್ಲ.

ನನ್ನದೇ ಹೇಳುತ್ತೇನೆ. ಓದಿದ್ದು ಸಿವಿಲ್, ಆದರೂ ನನ್ನ ಸ್ವಂತ ಮನೆ ಕಟ್ಟುವಾಗ ಮೇಲಿನ ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಬಿಟ್ಟೆ. ದುಡ್ಡು ಮುಗಿಯುತ್ತಾ ಬಂದಿತ್ತು. "ಮೇಲೆ ಟೈಲ್ಸ್ ಬರುತ್ತಲ್ಲ ಮೇಡಂ, ನೀರು ಎಲ್ಲಿಂದ ಇಳಿಯುತ್ತೆ?" ಅಂದರು ಕಂಟ್ರಾಕ್ಟರು. ಟೈಲ್ಸಿನಿಂದ ಇಳಿಯುವುದಿಲ್ಲ, ಸಂದಿಯಿಂದ ಇಳಿಯುತ್ತದೆ, ಅದು ನನಗೂ ಗೊತ್ತಿತ್ತು, ಆದರೂ ತಲೆ ಆಡಿಸಿದೆ. ಎರಡನೇ ವರ್ಷ ಕೆಳಗಿನ ರೂಮಿನ ಚಾವಣಿಯಲ್ಲಿ ಒಂದು ಕಲೆ ಶುರುವಾಯಿತು, ಅಂಗೈಯಷ್ಟಗಲ, ಅಂಚು ಕಂದು. ಆರು ತಿಂಗಳಲ್ಲಿ ಅದು ನಕ್ಷೆಯ ಹಾಗೆ ಹರಡಿತು. ನೆಲ ಒಡೆಸಿ, ಎಲ್ಲ ತೆಗೆಸಿ ಮತ್ತೆ ಮಾಡಿಸಬೇಕಾಯಿತು, ಮೊದಲು ಉಳಿಸಿದ್ದರ ಎಷ್ಟೋ ಪಟ್ಟು ಖರ್ಚು. ಅದೇ ಬಣ್ಣದ ಟೈಲ್ಸ್ ಸಿಗಲಿಲ್ಲ. ಇವತ್ತಿಗೂ ಆ ಬಾತ್‌ರೂಮಿನಲ್ಲಿ ನಾಲ್ಕು ಟೈಲ್ಸ್ ಬೇರೆ ಛಾಯೆಯವು, ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅವನ್ನೇ ನೋಡುತ್ತೇನೆ.

ಹಾಗಾಗಿ ವಾಟರ್‌ಪ್ರೂಫಿಂಗ್ ಮಾಡಿಸಿ, ಟೈಲ್ಸ್ ಹಾಕುವ ಮುಂಚೆ ನೀರು ಕಟ್ಟಿ ಒಂದೆರಡು ದಿನ ಬಿಟ್ಟು ಕೆಳಗಿನಿಂದ ನೋಡಿ. ಗೋಡೆಯೊಳಗಿನ ನೀರಿನ ಪೈಪಿಗೆ ಒತ್ತಡ ಕೊಟ್ಟು ಟೆಸ್ಟ್ ಮಾಡಿಸದೆ ಗಿಲಾವು ಮಾಡಿಸಬೇಡಿ. ವೈರು ಒಳ್ಳೆಯದೇ ಇರಲಿ, ಗೀಸರಿಗೆ ಲೈಟಿನ ವೈರು ಎಳೆಯಲು ಬಿಡಬೇಡಿ. ಶಾಕ್ ಹೊಡೆದಾಗ ಕರೆಂಟು ತಟ್ಟನೆ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ತಪ್ಪದೆ ಹಾಕಿಸಿ.

ಈಗ ಮುಂದೂಡಬಹುದಾದದ್ದು: ವಾರ್ಡ್‌ರೋಬು, ಅಡುಗೆಮನೆಯ ಕಪಾಟು, ಫಾಲ್ಸ್ ಸೀಲಿಂಗು, ದುಬಾರಿ ಲೈಟು, ಕಾಂಪೌಂಡಿನ ಅಲಂಕಾರ, ಮೇಲಿನ ಮಹಡಿಯ ಇನ್ನೊಂದು ಬಾತ್‌ರೂಮಿನ ನಲ್ಲಿ ಕಮೋಡು. ಆದರೆ ಆ ಬಾತ್‌ರೂಮಿನ ಪೈಪು ಈಗಲೇ ಎಳೆಸಿ ಬಾಯಿ ಮುಚ್ಚಿಸಿಡಿ. ಮುಂದೆ ಎಸಿ ಬೇಕು ಅನ್ನುವ ಕಡೆ ಖಾಲಿ ಪೈಪು ಹಾಕಿಸಿಡಿ. ಪೇಂಟು ಹೇಗೂ ಕಾಯಬೇಕು, ಹೊಸ ಗಿಲಾವು ಸುಮಾರು ನಾಲ್ಕು ವಾರ ಒಣಗಬೇಕು, ಅಷ್ಟರಲ್ಲಿ ನಿಮ್ಮ ಕೈಗೂ ಸ್ವಲ್ಪ ಉಸಿರು ಬರುತ್ತದೆ.

ಇನ್ನೂ ಪಾಯ ಹಾಕದವರು ಇದನ್ನು ಓದುತ್ತಿದ್ದರೆ ನಿಮಗೆ ಉಳಿತಾಯದ ಜಾಗ ಬೇರೆ. ಅದು ಕಾಗದದ ಮೇಲೆ. ಮೂಲೆಗಳು ಕಡಿಮೆ ಇರುವ ಚೌಕ ಮನೆಗೆ ಅಂಕುಡೊಂಕು ಮನೆಗಿಂತ ಗೋಡೆ ಕಡಿಮೆ ಬೇಕು. ಬಾತ್‌ರೂಮುಗಳು ಒಂದರ ಮೇಲೊಂದು, ಅಡುಗೆಮನೆಗೆ ಹತ್ತಿರ ಇದ್ದರೆ ಪೈಪು ಕಡಿಮೆ, ಸೋರುವ ಜಾಗವೂ ಕಡಿಮೆ. ಮತ್ತು ಕಟ್ಟುವಾಗ ಮನಸ್ಸು ಬದಲಾಯಿಸಬೇಡಿ. ಡ್ರಾಯಿಂಗಿನಲ್ಲಿ ಕಿಟಕಿ ಸರಿಸಲು ರಬ್ಬರ್ ಸಾಕು. ಕಟ್ಟಿದ ಮೇಲೆ ಸರಿಸಲು ಒಡೆಯುವವರಿಗೆ ಕೂಲಿ, ಕಸ ಸಾಗಿಸಲು ಕೂಲಿ, ಮತ್ತೆ ಕಟ್ಟಲು ಕೂಲಿ. ಇಷ್ಟೆಲ್ಲ ಮಾಡಿದರೂ ಒಟ್ಟು ದುಡ್ಡಿನಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಯಾರಿಗೂ ಹೇಳದೆ ಪಕ್ಕಕ್ಕೆ ಇಟ್ಟಿರಿ. ಮನೆಯಲ್ಲೂ ಹೇಳಬೇಡಿ, ಹೇಳಿದರೆ ಅದು ಗ್ರಾನೈಟ್ ಆಗುತ್ತದೆ.

ಪ್ರಶ್ನೆ: ಕಂಟ್ರಾಕ್ಟರ್ ಪದೇ ಪದೇ ಅಡ್ವಾನ್ಸ್ ಕೇಳುತ್ತಿದ್ದಾರೆ. ಕೊಡದಿದ್ದರೆ ಕೆಲಸ ನಿಲ್ಲಿಸುತ್ತಾರೆ ಅನ್ನುವ ಭಯ.

ಉತ್ತರ: ಆಗಿರುವ ಕೆಲಸಕ್ಕಿಂತ ಕೊಟ್ಟ ದುಡ್ಡು ಮುಂದೆ ಓಡಿದರೆ ಆಮೇಲೆ ನೀವೇ ಅವರ ಹಿಂದೆ ಓಡಬೇಕು. ಹಂತಗಳನ್ನು ಬರೆದುಕೊಳ್ಳಿ: ಪಾಯ, ಲಿಂಟಲ್ (ಕಿಟಕಿ ಬಾಗಿಲ ಮೇಲಿನ ತೊಲೆ), ಸ್ಲ್ಯಾಬು, ಗಿಲಾವು, ನೆಲ, ಪೇಂಟು, ಹೀಗೆ. ಹಂತ ಮುಗಿದು ನೋಡಿದ ಮೇಲೆ ಅದರ ದುಡ್ಡು. ಕೊನೆಯ ಐದರಿಂದ ಹತ್ತು ಪರ್ಸೆಂಟನ್ನು ಮನೆ ಸೇರಿ ಕೆಲವು ತಿಂಗಳು, ಒಂದು ಮಳೆಗಾಲ ದಾಟುವವರೆಗೆ ಇಟ್ಟುಕೊಳ್ಳುವುದಾಗಿ ಕರಾರಿನಲ್ಲೇ ಇರಲಿ. ಸಾಮಾನಿಗೆ ಅಂತ ಕೇಳಿದರೆ ಅಂಗಡಿಗೆ ನೇರವಾಗಿ ಕೊಡಿ, ಬಿಲ್ಲು ನಿಮ್ಮ ಹೆಸರಿನಲ್ಲಿರಲಿ.

ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕು. ಸ್ಲ್ಯಾಬ್ ಮುಗಿದ ದಿನ ಕೊಡಬೇಕಾದ್ದನ್ನು ಇವತ್ತು ನಾಳೆ ಅಂತ ಎಳೆಯುವ ಮಾಲೀಕರೂ ಬೇಕಾದಷ್ಟು ಜನ ಇದ್ದಾರೆ. ಕೂಲಿ ಸಿಗದ ಒಳ್ಳೆ ಗಾರೆಯವನು ಬೇರೆ ಸೈಟಿಗೆ ಹೋಗುತ್ತಾನೆ, ನಿಮ್ಮಲ್ಲಿಗೆ ಕರಣೆ ಹಿಡಿಯಲು ಈಗಷ್ಟೇ ಕಲಿತವನು ಬರುತ್ತಾನೆ. ಗೋಡೆ ವಕ್ರವಾಗುವುದು ಹೀಗೂ ಉಂಟು.

ಪ್ರಶ್ನೆ: ಹೊಸ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು. ಮನೆ ಬೀಳುತ್ತದಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಗಿಲಾವು ಬೇಗ ಒಣಗಿದರೆ ಜೇಡರ ಬಲೆಯ ಥರ ಸಣ್ಣ ಬಿರುಕು ಬರುತ್ತದೆ. ಕಾಲಂ ಮತ್ತು ಗೋಡೆ ಸೇರುವ ಕಡೆ ನೇರ ಗೆರೆ ಬಂದರೆ ಅಲ್ಲಿ ಗಿಲಾವಿನ ಕೆಳಗೆ ತಂತಿಯ ಬಲೆ ಹಾಕಿರುವುದಿಲ್ಲ, ಅಷ್ಟೇ. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೋಗುವ, ದಿನೇ ದಿನೇ ಅಗಲವಾಗುವ ಬಿರುಕಾದರೆ ಎಂಜಿನಿಯರನ್ನು ಕರೆಸಿ. ಬಿರುಕು ಬೆಳೆಯುತ್ತಿದೆಯಾ ಅಂತ ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆದು, ತಿಂಗಳು ಬಿಟ್ಟು ನೋಡಿ. ಮೊದಲೇ ಪುಟ್ಟಿ ಬಳಿದು ಮುಚ್ಚಬೇಡಿ.

ಪ್ರಶ್ನೆ: ದಿನಾ ಸೈಟಿಗೆ ಹೋಗಲು ರಜೆ ಸಿಗುವುದಿಲ್ಲ. ಯಾವ ದಿನ ತಪ್ಪಿಸಬಾರದು?

ಉತ್ತರ: ದಿನಾ ಬೇಡ. ದಿನಾ ಹೋಗಿ ನಿಂತರೆ ಮೇಸ್ತ್ರಿಗೂ ಕಿರಿಕಿರಿ, ನಿಮಗೂ. ಏನಾದರೂ ಮುಚ್ಚುವ ದಿನದ ಹಿಂದಿನ ಸಂಜೆ ಹೋಗಿ. ಫೂಟಿಂಗ್ ಕಂಬಿ ಕಟ್ಟಿ ಕಾಂಕ್ರೀಟು ಹಾಕುವ ಮುಂಚೆ, ಪಾಯಕ್ಕೆ ಮಣ್ಣು ತುಂಬುವ ಮುಂಚೆ, ಸ್ಲ್ಯಾಬಿಗೆ ಮುಂಚೆ, ಗಿಲಾವಿಗೆ ಮುಂಚೆ, ಬಾತ್‌ರೂಮಿನ ಟೈಲ್ಸಿಗೆ ಮುಂಚೆ. ಗಿಲಾವಿಗೆ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು, ಟೇಪ್ ಕಾಣುವ ಹಾಗೆ ಫೋಟೋ ತೆಗೆಯಿರಿ, ಪೈಪು ಎಲ್ಲಿ ಹೋಗಿದೆ, ವೈರು ಎಲ್ಲಿ ಇಳಿದಿದೆ ಅಂತ. ಮುಂದೆ ಗೋಡೆಗೆ ಡ್ರಿಲ್ ಹಾಕುವಾಗ ಅದು ಬೇಕಾಗುತ್ತದೆ. ಮತ್ತೆ ಆ ಫೋಟೋಗಳಿಗೆ ಅವತ್ತೇ ರೂಮಿನ ಹೆಸರು ಬರೆದಿಡಿ. ನನ್ನ ಫೋನಿನಲ್ಲಿ ಬೂದು ಬಣ್ಣದ ಗೋಡೆಗಳು ನೂರಾರಿವೆ, ಯಾವುದು ಅಡುಗೆಮನೆ, ಯಾವುದು ಮಲಗುವ ಕೋಣೆ ಅಂತ ಈಗ ನನಗೇ ಗೊತ್ತಾಗುವುದಿಲ್ಲ.